ಒಟ್ಟು ವೇತನದಿಂದ ನಿವ್ವಳ ವೇತನದವರೆಗೆ: ಹೆಚ್ಚಿನ ವೇತನದ ಮೇಲಿನ ಆದಾಯ ತೆರಿಗೆ ಲೆಕ್ಕ ಮತ್ತು ಸಮನಾದ ಮಾಸಿಕ ಕಡಿತ

(ಅಧ್ಯಯನ ಲೇಖನ: ಜಿಲ್ಲಾ, ತಾಲ್ಲೂಕು ಮತ್ತು ಗ್ರಾಮ ಪಂಚಾಯತಿಗಳ ಅಧಿಕಾರಿಗಳು, ಬಟವಾಡೆ ಅಧಿಕಾರಿಗಳು ಹಾಗೂ ಲೆಕ್ಕ ಶಾಖೆಯ ಸಿಬ್ಬಂದಿಗಾಗಿ)

ಆರ್ಥಿಕ ವರ್ಷದ ಕೊನೆಯ ಎರಡು ತಿಂಗಳುಗಳಲ್ಲಿ ಕಚೇರಿಗಳ ಲೆಕ್ಕ ಶಾಖೆಯ ಮುಂದೆ ಒಂದೇ ಬಗೆಯ ಪ್ರಶ್ನೆ ಮರುಕಳಿಸುತ್ತದೆ: ‘ವರ್ಷವಿಡೀ ಸರಿಯಾಗಿ ಬಂದ ವೇತನ ಈಗೇಕೆ ಇಷ್ಟು ಕಡಿಮೆಯಾಯಿತು?’ ಗೃಹಸಾಲದ ಕಂತು, ಮಕ್ಕಳ ಕಾಲೇಜು ಶುಲ್ಕ, ಸಹಕಾರ ಸಂಘದ ಸಾಲದ ವಸೂಲಿ ಇವೆಲ್ಲವೂ ನಿವ್ವಳ ವೇತನವನ್ನೇ ನಂಬಿಕೊಂಡಿರುವುದರಿಂದ, ಈ ಪ್ರಶ್ನೆ ಕುಟುಂಬದ ನೆಮ್ಮದಿಗೆ ಸಂಬಂಧಿಸಿದುದು. ಬಹುಪಾಲು ಪ್ರಸಂಗಗಳಲ್ಲಿ ತೆರಿಗೆಯ ಮೊತ್ತ ತಪ್ಪಾಗಿರುವುದಿಲ್ಲ. ಹನ್ನೆರಡು ತಿಂಗಳಿಗೆ ಹಂಚಬೇಕಾದ ಹೊರೆಯನ್ನು ಎರಡು ತಿಂಗಳ ಮೇಲೆ ಹೊರಿಸಲಾಗಿರುತ್ತದೆ.

ಹೆಚ್ಚಿನ ವೇತನ ಪಡೆಯುವ ಅಧಿಕಾರಿಯ ನಿವ್ವಳ ವೇತನವನ್ನು ಏಪ್ರಿಲ್ ತಿಂಗಳಿನಲ್ಲಿಯೇ ಕಂಡುಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಇಲ್ಲಿನ ದರಗಳು ಮತ್ತು ಮಿತಿಗಳು 2025-26ನೇ ಆರ್ಥಿಕ ವರ್ಷಕ್ಕೆ, ಅಂದರೆ 2026-27ನೇ ಕರನಿರ್ಧಾರಣಾ ವರ್ಷಕ್ಕೆ ಅನ್ವಯಿಸುತ್ತವೆ. ಉಲ್ಲೇಖಿಸಿರುವ ಕಲಂಗಳು 1961ರ ಆದಾಯ ತೆರಿಗೆ ಅಧಿನಿಯಮದವು. 2025ರ ಹೊಸ ಆದಾಯ ತೆರಿಗೆ ಅಧಿನಿಯಮವು 1-4-2026ರಿಂದ ಜಾರಿಗೆ ಬರುವುದರಿಂದ, ಮುಂದಿನ ವರ್ಷದ ಲೆಕ್ಕಕ್ಕೆ ಕಲಂಗಳ ಸಂಖ್ಯೆ ಬೇರೆಯಾಗಿರುತ್ತದೆ. ಉದಾಹರಣೆಗಳಲ್ಲಿನ ವೇತನದ ಮೊತ್ತಗಳನ್ನು ಲೆಕ್ಕದ ಸೌಕರ್ಯಕ್ಕಾಗಿ ದುಂಡಗೆ ಇಟ್ಟುಕೊಳ್ಳಲಾಗಿದೆ.

1. ಎರಡು ಲೆಕ್ಕಗಳು ಬೇರೆ ಬೇರೆ

ನಿವ್ವಳ ವೇತನವನ್ನು ತಿಳಿಯಲು ಎರಡು ಲೆಕ್ಕಗಳನ್ನು ಮಾಡಬೇಕು. ಮೊದಲನೆಯದು ತೆರಿಗೆಯ ಲೆಕ್ಕ: ವರ್ಷದ ಆದಾಯದಲ್ಲಿ ತೆರಿಗೆಗೆ ಒಳಪಡುವ ಭಾಗವೆಷ್ಟು, ಅದರ ಮೇಲೆ ತೆರಿಗೆ ಎಷ್ಟು ಎಂಬುದು. ಎರಡನೆಯದು ವೇತನ ಚೀಟಿಯ ಲೆಕ್ಕ: ತಿಂಗಳ ಒಟ್ಟು ವೇತನದಿಂದ ಏನೇನು ಕಡಿತವಾಗಿ ಎಷ್ಟು ಬ್ಯಾಂಕಿಗೆ ಜಮೆಯಾಗುತ್ತದೆ ಎಂಬುದು. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ಗೊಂದಲ ಉಂಟಾಗುತ್ತದೆ.

ಕೆಲವು ಮೊತ್ತಗಳು ಕೈಗೆ ಬಾರದಿದ್ದರೂ ತೆರಿಗೆಯ ಲೆಕ್ಕದಿಂದ ಹೊರಹೋಗುವುದಿಲ್ಲ. ರಾಷ್ಟ್ರೀಯ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್‌ಗೆ ನೌಕರರು ತಮ್ಮ ಪಾಲಾಗಿ ನೀಡುವ ಶೇ. 10ರಷ್ಟು ವಂತಿಗೆಗೆ ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಇಲ್ಲ. ಕೆಜಿಐಡಿ ವಿಮಾ ಕಂತಿಗೂ ವೃತ್ತಿ ತೆರಿಗೆಗೂ ಇದೇ ನಿಯಮ ಅನ್ವಯಿಸುತ್ತದೆ. ಇನ್ನು ಕೆಲವು ಮೊತ್ತಗಳು ವೇತನ ಚೀಟಿಯ ನಿವ್ವಳದಲ್ಲಿ ಕಾಣದಿದ್ದರೂ ತೆರಿಗೆಯ ಲೆಕ್ಕದೊಳಗೆ ಬರುತ್ತವೆ. ಎನ್‌ಪಿಎಸ್‌ಗೆ ಸರ್ಕಾರ ನೀಡುವ ಶೇ. 14ರಷ್ಟು ವಂತಿಗೆಯನ್ನು ಮೊದಲು ವೇತನ ಆದಾಯಕ್ಕೆ ಸೇರಿಸಿ, ಅನಂತರ ಕಲಂ 80ಸಿಸಿಡಿ(2)ರ ಅಡಿಯಲ್ಲಿ ಕಳೆಯಬೇಕು. ಈ ಕಡಿತವು ಹೊಸ ಮತ್ತು ಹಳೆಯ ಎರಡೂ ಪದ್ಧತಿಗಳಲ್ಲಿ ಲಭ್ಯವಿದೆ. ಸೇರಿಸಿ ಕಳೆಯಲು ಮರೆತರೆ ನೌಕರರ ಮೇಲೆ ಅನಗತ್ಯ ತೆರಿಗೆ ಬೀಳುತ್ತದೆ. ಸೇರಿಸದೆಯೇ ಕಳೆದರೆ ತೆರಿಗೆ ಕಡಿಮೆಯಾಗಿ ಮುಂದೆ ಬಡ್ಡಿ ಸಹಿತ ಬೇಡಿಕೆ ಬರುತ್ತದೆ.

2. ಹಂತದ ದರ ಎಂದರೇನು

ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ವರ್ಷದ ದರಗಳು ಹೀಗಿವೆ:

- 4 ಲಕ್ಷ ರೂ. ವರೆಗೆ: ತೆರಿಗೆ ಇಲ್ಲ
- 4 ಲಕ್ಷದಿಂದ 8 ಲಕ್ಷ ರೂ.: ಶೇ. 5
- 8 ಲಕ್ಷದಿಂದ 12 ಲಕ್ಷ ರೂ.: ಶೇ. 10
- 12 ಲಕ್ಷದಿಂದ 16 ಲಕ್ಷ ರೂ.: ಶೇ. 15
- 16 ಲಕ್ಷದಿಂದ 20 ಲಕ್ಷ ರೂ.: ಶೇ. 20
- 20 ಲಕ್ಷದಿಂದ 24 ಲಕ್ಷ ರೂ.: ಶೇ. 25
- 24 ಲಕ್ಷ ರೂ. ಮೀರಿದ ಭಾಗಕ್ಕೆ: ಶೇ. 30

ಹೀಗೆ ಬಂದ ತೆರಿಗೆಯ ಮೇಲೆ ಶೇ. 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಸೇರುತ್ತದೆ. ವೇತನದಾರರಿಗೆ 75,000 ರೂ. ಪ್ರಮಾಣಿತ ಕಡಿತವಿದೆ.

ಈ ಹಂತಗಳನ್ನು ನಮ್ಮ ಸರಣಿ ಕೆರೆಗಳಿಗೆ ಹೋಲಿಸಬಹುದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಮಾತ್ರ ಕೆಳಗಿನ ಕೆರೆಗೆ ಹರಿಯುತ್ತದೆ. ಮೇಲಿನ ಕೆರೆಯ ನೀರು ಅಲ್ಲಿಯೇ ಉಳಿಯುತ್ತದೆ. ಅದೇ ರೀತಿ, ಆದಾಯವು 20 ಲಕ್ಷ ರೂ. ದಾಟಿದ ಮಾತ್ರಕ್ಕೆ ಇಡೀ ಆದಾಯಕ್ಕೆ ಶೇ. 25ರ ದರ ಅನ್ವಯಿಸುವುದಿಲ್ಲ. ದಾಟಿದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಲೆಕ್ಕವನ್ನು ಬೇಗ ಮುಗಿಸಲು ಮೂರು ಸಂಖ್ಯೆಗಳನ್ನು ನೆನಪಿಟ್ಟರೆ ಸಾಕು: ತೆರಿಗೆಗೊಳಪಡುವ ಆದಾಯ 16 ಲಕ್ಷ ಇದ್ದಾಗ ತೆರಿಗೆ 1,20,000 ರೂ., 20 ಲಕ್ಷ ಇದ್ದಾಗ 2,00,000 ರೂ., 24 ಲಕ್ಷ ಇದ್ದಾಗ 3,00,000 ರೂ. ಇವು ಸೆಸ್ ಸೇರದ ಮೊತ್ತಗಳು.

3. ಮಾದರಿ ಲೆಕ್ಕ

ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಒಬ್ಬ ಹಿರಿಯ ಅಧಿಕಾರಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರು 1-4-2006ರ ನಂತರ ಸೇವೆಗೆ ಸೇರಿದವರಾಗಿದ್ದು ಎನ್‌ಪಿಎಸ್ ವ್ಯಾಪ್ತಿಯಲ್ಲಿದ್ದಾರೆ. ಅವರ ಮಾಸಿಕ ವೇತನ:

- ಮೂಲ ವೇತನ: 1,40,000 ರೂ.
- ತುಟ್ಟಿಭತ್ಯೆ: 20,000 ರೂ.
- ಮನೆ ಬಾಡಿಗೆ ಭತ್ಯೆ: 21,000 ರೂ.
- ಇತರ ಭತ್ಯೆ: 4,000 ರೂ.
- ಒಟ್ಟು: 1,85,000 ರೂ.

ಮೊದಲ ಹಂತ: ವಾರ್ಷಿಕ ಆದಾಯ. 1,85,000 × 12 = 22,20,000 ರೂ. ಇದಕ್ಕೆ ಎನ್‌ಪಿಎಸ್‌ನ ಸರ್ಕಾರಿ ಪಾಲನ್ನು ಸೇರಿಸಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೊತ್ತ 1,60,000 ರೂ.; ಅದರ ಶೇ. 14 ಎಂದರೆ ತಿಂಗಳಿಗೆ 22,400 ರೂ., ವರ್ಷಕ್ಕೆ 2,68,800 ರೂ. ಸೇರಿಸಿದಾಗ 24,88,800 ರೂ.

ಎರಡನೆಯ ಹಂತ: ಕಳೆಯಬೇಕಾದವು. ಪ್ರಮಾಣಿತ ಕಡಿತ 75,000 ರೂ. ಮತ್ತು ಎನ್‌ಪಿಎಸ್‌ನ ಸರ್ಕಾರಿ ಪಾಲು 2,68,800 ರೂ. ಉಳಿಯುವ ತೆರಿಗೆಗೊಳಪಡುವ ಆದಾಯ 21,45,000 ರೂ.

ಮೂರನೆಯ ಹಂತ: ತೆರಿಗೆ. 20 ಲಕ್ಷದವರೆಗೆ 2,00,000 ರೂ. ಉಳಿದ 1,45,000 ರೂ. ಮೇಲೆ ಶೇ. 25ರಂತೆ 36,250 ರೂ. ಒಟ್ಟು 2,36,250 ರೂ. ಸೆಸ್ 9,450 ರೂ. ವರ್ಷದ ತೆರಿಗೆ 2,45,700 ರೂ.; ತಿಂಗಳಿಗೆ 20,475 ರೂ.

ನಾಲ್ಕನೆಯ ಹಂತ: ವೇತನ ಚೀಟಿ. ಕೆಜಿಐಡಿ ಮತ್ತು ಸಮೂಹ ವಿಮೆಯ ಕಡಿತ ಒಟ್ಟು 9,500 ರೂ. ಎಂದು ಭಾವಿಸಿದರೆ:

- ಒಟ್ಟು ವೇತನ: 1,85,000 ರೂ.
- ಎನ್‌ಪಿಎಸ್ ನೌಕರರ ಪಾಲು: 16,000 ರೂ.
- ವಿಮೆ: 9,500 ರೂ.
- ವೃತ್ತಿ ತೆರಿಗೆ: 200 ರೂ.
- ಆದಾಯ ತೆರಿಗೆ: 20,475 ರೂ.
- ನಿವ್ವಳ ವೇತನ: 1,38,825 ರೂ.

ವೃತ್ತಿ ತೆರಿಗೆಯು ಫೆಬ್ರವರಿ ತಿಂಗಳಿನಲ್ಲಿ ಮಾತ್ರ 300 ರೂ. ಆಗಿದ್ದು, ವರ್ಷಕ್ಕೆ ಒಟ್ಟು 2,500 ರೂ. ಆಗುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಟ್ಟು ವೇತನದ ಸುಮಾರು ಮುಕ್ಕಾಲು ಭಾಗ ಕೈಗೆ ಬರುತ್ತದೆ. ಕಡಿತವಾದ 46,175 ರೂ.ಗಳಲ್ಲಿ ಎರಡೂ ತೆರಿಗೆಗಳ ಪಾಲು 20,675 ರೂ. ಮಾತ್ರ, ಉಳಿದ 25,500 ರೂ. ನೌಕರರ ಸ್ವಂತ ಪಿಂಚಣಿ ಮತ್ತು ವಿಮೆಗೆ ಸೇರುವ ಹಣ. ಇನ್ನು, ಮಾದರಿ ಅಧಿಕಾರಿಯ ಕೊನೆಯ ರೂಪಾಯಿಗೆ ಸೆಸ್ ಸೇರಿ ಶೇ. 26ರ ದರವಿದ್ದರೂ, ಇಡೀ ಒಟ್ಟು ವೇತನಕ್ಕೆ ಹೋಲಿಸಿದರೆ ಆದಾಯ ತೆರಿಗೆಯ ಪ್ರಮಾಣ ಸುಮಾರು ಶೇ. 11 ಮಾತ್ರ. ವೇತನ ಹೆಚ್ಚಳದ ಲೆಕ್ಕಕ್ಕೆ ಮೊದಲ ದರವನ್ನೂ, ಮನೆಯ ಆಯವ್ಯಯದ ಲೆಕ್ಕಕ್ಕೆ ಎರಡನೆಯದನ್ನೂ ಬಳಸುವುದು ಸೂಕ್ತ.

ಹಳೆಯ ನಿಶ್ಚಿತ ಪಿಂಚಣಿಯ ವ್ಯಾಪ್ತಿಯಲ್ಲಿರುವ ಅಧಿಕಾರಿಗಳ ಲೆಕ್ಕದಲ್ಲಿ ಎನ್‌ಪಿಎಸ್‌ನ ಎರಡೂ ಪಾಲುಗಳು ಇರುವುದಿಲ್ಲ. ಅವರ ಸಾಮಾನ್ಯ ಭವಿಷ್ಯ ನಿಧಿಯ ವಂತಿಗೆಯನ್ನು ನಾಲ್ಕನೆಯ ಹಂತದಲ್ಲಿ ಮಾತ್ರ ತೋರಿಸಬೇಕು. ಹೊಸ ಪದ್ಧತಿಯ ತೆರಿಗೆ ಲೆಕ್ಕದಲ್ಲಿ ಅದನ್ನು ಕಳೆಯುವಂತಿಲ್ಲ.

4. ಹಳೆಯ ಪದ್ಧತಿಯೊಂದಿಗೆ ಹೋಲಿಕೆ

ಹೊಸ ಪದ್ಧತಿಯು ಈಗ ತಾನಾಗಿಯೇ ಅನ್ವಯವಾಗುತ್ತದೆ. ಹಳೆಯ ಪದ್ಧತಿ ಬೇಕಾದವರು ಬಟವಾಡೆ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಗೃಹಸಾಲವಿದ್ದವರಿಗೆ ಹಳೆಯ ಪದ್ಧತಿಯೇ ಲಾಭದಾಯಕವೆಂಬ ನಂಬಿಕೆ ಇನ್ನೂ ಉಳಿದಿದೆ. ಮಾದರಿ ಅಧಿಕಾರಿಯ ಅಂಕಿಗಳಿಂದಲೇ ಇದನ್ನು ಪರಿಶೀಲಿಸಬಹುದು. ಅವರು ಅರುವತ್ತು ವರ್ಷದೊಳಗಿನವರು ಮತ್ತು ಸ್ವಂತ ಮನೆಯಲ್ಲಿ ವಾಸವಾಗಿರುವವರು ಎಂದಿಟ್ಟುಕೊಂಡರೆ, ಹಳೆಯ ಪದ್ಧತಿಯಲ್ಲಿ ಒಟ್ಟು ವೇತನ 22,20,000 ರೂ.ಗಳಿಂದ ಕಳೆಯಬಹುದಾದವು:

- ಪ್ರಮಾಣಿತ ಕಡಿತ: 50,000 ರೂ.
- ವೃತ್ತಿ ತೆರಿಗೆ: 2,500 ರೂ.
- ಗೃಹಸಾಲದ ಬಡ್ಡಿ, ಗರಿಷ್ಠ: 2,00,000 ರೂ.
- ಕಲಂ 80ಸಿ, ಗರಿಷ್ಠ: 1,50,000 ರೂ.
- ಎನ್‌ಪಿಎಸ್ ಹೆಚ್ಚುವರಿ ಕಡಿತ, ಕಲಂ 80ಸಿಸಿಡಿ(1ಬಿ): 50,000 ರೂ.
- ಆರೋಗ್ಯ ವಿಮೆ, ಕಲಂ 80ಡಿ: 25,000 ರೂ.
- ಒಟ್ಟು: 4,77,500 ರೂ.

ಸರ್ಕಾರಿ ಪಾಲಿನ ಎನ್‌ಪಿಎಸ್ ವಂತಿಗೆ ಇಲ್ಲಿಯೂ ಸೇರಿ ಕಳೆದುಹೋಗುವುದರಿಂದ ಅದನ್ನು ಬಿಡಲಾಗಿದೆ. ತೆರಿಗೆಗೊಳಪಡುವ ಆದಾಯ 17,42,500 ರೂ. ಹಳೆಯ ದರದಲ್ಲಿ 10 ಲಕ್ಷದವರೆಗೆ 1,12,500 ರೂ., ಅದನ್ನು ಮೀರಿದ 7,42,500 ರೂ. ಮೇಲೆ ಶೇ. 30ರಂತೆ 2,22,750 ರೂ.; ಸೆಸ್ ಸೇರಿ 3,48,660 ರೂ. ಹೊಸ ಪದ್ಧತಿಗಿಂತ ಇದು 1,02,960 ರೂ. ಹೆಚ್ಚು. ಈ ಅಧಿಕಾರಿಗೆ ಎರಡೂ ಪದ್ಧತಿಗಳು ಸಮನಾಗಬೇಕಾದರೆ ಹಳೆಯ ಪದ್ಧತಿಯ ಕಡಿತಗಳು 8,07,500 ರೂ. ಆಗಬೇಕು, ಅಂದರೆ ಇನ್ನೂ 3,30,000 ರೂ. ಕಡಿತ ಬೇಕು. ದೊಡ್ಡ ಮೊತ್ತದ ಬಾಡಿಗೆ ಕಟ್ಟುತ್ತಾ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಅರ್ಹರಾದವರಿಗೆ ಲೆಕ್ಕ ಭಿನ್ನವಾಗಬಹುದು. ಆದುದರಿಂದ ಕೇವಲ ತೆರಿಗೆ ಉಳಿಸಲೆಂದು ಮಾರ್ಚ್ ತಿಂಗಳಿನಲ್ಲಿ ಹೊಸ ವಿಮಾ ಪಾಲಿಸಿ ಖರೀದಿಸುವ ಮೊದಲು, ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂಬುದನ್ನು ನೌಕರರು ಖಚಿತಪಡಿಸಿಕೊಳ್ಳುವುದು ಒಳಿತು. ಹೊಸ ಪದ್ಧತಿಯಲ್ಲಿರುವವರಿಗೆ ಅಂತಹ ಪಾಲಿಸಿಯಿಂದ ಒಂದು ರೂಪಾಯಿಯ ತೆರಿಗೆಯೂ ಉಳಿಯುವುದಿಲ್ಲ.

5. ವರ್ಷಾಂತ್ಯಕ್ಕೆ ಕಡಿತವನ್ನು ತಳ್ಳಿದರೆ

ಕಲಂ 192ರ ಪ್ರಕಾರ ವೇತನ ಪಾವತಿಸುವಾಗಲೇ, ವರ್ಷದ ಅಂದಾಜು ಆದಾಯದ ಸರಾಸರಿ ದರದಲ್ಲಿ ತೆರಿಗೆಯನ್ನು ಕಡಿತ ಮಾಡಬೇಕು. ‘ಕೊನೆಯಲ್ಲಿ ನೋಡೋಣ’ ಎಂದು ಹತ್ತು ತಿಂಗಳು ಕಡಿತ ಮಾಡದೆ ಬಿಟ್ಟರೆ ಮಾದರಿ ಅಧಿಕಾರಿಯ ಸ್ಥಿತಿ ಹೀಗಾಗುತ್ತದೆ: 2,45,700 ರೂ.ಗಳನ್ನು ಎರಡು ತಿಂಗಳಿಗೆ ಹಂಚಿದಾಗ ತಿಂಗಳಿಗೆ 1,22,850 ರೂ. ಕಡಿತ. ಎನ್‌ಪಿಎಸ್, ವಿಮೆ, ವೃತ್ತಿ ತೆರಿಗೆಗಳ ನಂತರ ಕೈಗೆ ಬರುವುದು ಸುಮಾರು 36,000 ರೂ. ಹತ್ತು ತಿಂಗಳ ಕಾಲ ತಿಂಗಳಿಗೆ 1,59,300 ರೂ. ಪಡೆಯುತ್ತಿದ್ದ ಕುಟುಂಬವು ಆ ಮೊತ್ತಕ್ಕೆ ತಕ್ಕಂತೆ ಖರ್ಚು ಮತ್ತು ಸಾಲದ ಕಂತುಗಳನ್ನು ಹೊಂದಿಸಿಕೊಂಡಿರುತ್ತದೆ. ಗೃಹಸಾಲದ ಕಂತೇ 45,000 ರೂ. ಇದ್ದರೆ ಎರಡು ತಿಂಗಳೂ ಕಂತು ತಪ್ಪುವ ಅಪಾಯವಿದೆ. ಕಂತು ತಪ್ಪಿದ ದಾಖಲೆ ಮುಂದಿನ ಸಾಲದ ಅರ್ಜಿಯ ಮೇಲೂ ಪರಿಣಾಮ ಬೀರುತ್ತದೆ.

ತೊಂದರೆ ನೌಕರರಿಗೆ ಮಾತ್ರ ಸೀಮಿತವಲ್ಲ. ಕಡಿತ ಮಾಡಬೇಕಾದ ತೆರಿಗೆಯನ್ನು ಕಡಿತ ಮಾಡದಿದ್ದರೆ ತಿಂಗಳಿಗೆ ಶೇ. 1, ಕಡಿತ ಮಾಡಿಯೂ ಜಮೆ ಮಾಡದಿದ್ದರೆ ತಿಂಗಳಿಗೆ ಶೇ. 1.5ರಂತೆ ಬಡ್ಡಿಯನ್ನು ಕಡಿತ ಮಾಡಬೇಕಾದವರು ಭರಿಸಬೇಕೆಂದು ಕಲಂ 201(1ಎ) ಹೇಳುತ್ತದೆ.

ಸಾಲದ ಉದ್ದೇಶಕ್ಕೆ ವೇತನ ಪ್ರಮಾಣ ಪತ್ರ ನೀಡುವಾಗಲೂ ಈ ಎಚ್ಚರ ಅಗತ್ಯ. ತೆರಿಗೆ ಕಡಿತವಾಗದ ತಿಂಗಳಿನ ನಿವ್ವಳ ವೇತನವನ್ನು ಆಧರಿಸಿ ಬ್ಯಾಂಕು ಸಾಲ ಮಂಜೂರು ಮಾಡಿದರೆ, ನೌಕರರ ನಿಜವಾದ ಸಾಮರ್ಥ್ಯಕ್ಕಿಂತ ತಿಂಗಳಿಗೆ 20,000 ರೂ.ಗೂ ಹೆಚ್ಚಿನ ಆಧಾರದ ಮೇಲೆ ಕಂತು ನಿಗದಿಯಾಗುತ್ತದೆ. ಜಾಮೀನು ನಿಂತ ಸಹೋದ್ಯೋಗಿಗೂ ಅದರ ಬಿಸಿ ತಟ್ಟದೆ ಇರದು.

ವರ್ಷದ ಮಧ್ಯೆ ವೇತನ ಬದಲಾದಾಗ ಅನುಸರಿಸಬೇಕಾದ ಸೂತ್ರ ಸರಳವಾಗಿದೆ: ವರ್ಷದ ಪರಿಷ್ಕೃತ ತೆರಿಗೆಯಿಂದ ಈಗಾಗಲೇ ಕಡಿತವಾದುದನ್ನು ಕಳೆದು, ಉಳಿದ ತಿಂಗಳುಗಳಿಂದ ಭಾಗಿಸಬೇಕು. ಮಾದರಿ ಅಧಿಕಾರಿಗೆ ಜುಲೈನಿಂದ ಪೂರ್ವಾನ್ವಯವಾಗುವಂತೆ ತಿಂಗಳಿಗೆ 2,800 ರೂ. ತುಟ್ಟಿಭತ್ಯೆ ಹೆಚ್ಚಳವು ಅಕ್ಟೋಬರ್‌ನಲ್ಲಿ ಮಂಜೂರಾಯಿತು ಎನ್ನಬಹುದು. ಒಂಬತ್ತು ತಿಂಗಳಿಗೆ ಹೆಚ್ಚುವರಿ ಆದಾಯ 25,200 ರೂ., ಅದರ ಮೇಲೆ ಶೇ. 26ರಂತೆ ತೆರಿಗೆ 6,552 ರೂ. ಪರಿಷ್ಕೃತ ವಾರ್ಷಿಕ ತೆರಿಗೆ 2,52,252 ರೂ. ಸೆಪ್ಟೆಂಬರ್‌ವರೆಗೆ ಕಡಿತವಾದುದು 1,22,850 ರೂ. ಉಳಿದ 1,29,402 ರೂ.ಗಳನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 21,567 ರೂ. ಅಕ್ಟೋಬರ್‌ನಲ್ಲಿಯೇ ಈ ತಿದ್ದುಪಡಿ ಮಾಡಿದರೆ ತಿಂಗಳಿಗೆ 1,092 ರೂ.ಗಳ ವ್ಯತ್ಯಾಸ ಮಾತ್ರ. ಅದು ಯಾರಿಗೂ ಹೊರೆಯಾಗುವುದಿಲ್ಲ.

6. ವೇತನ ಹೆಚ್ಚಿದರೆ ಕೈಗೆ ಬರುವುದು ಕಡಿಮೆಯಾಗುವುದೇ?

‘ವೇತನ ಬಡ್ತಿ ಬಂದರೆ ತೆರಿಗೆಗೇ ಹೋಗುತ್ತದೆ’ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. ಹಂತದ ದರದ ಸ್ವರೂಪ ತಿಳಿದವರಿಗೆ ಇದು ಸಾಮಾನ್ಯವಾಗಿ ತಪ್ಪು ಎಂದು ಗೊತ್ತು. ಮಾದರಿ ಅಧಿಕಾರಿಗೆ 100 ರೂ. ಹೆಚ್ಚಿದರೆ ತೆರಿಗೆಗೆ ಹೋಗುವುದು 26 ರೂ. ಮಾತ್ರ. ಆದರೆ ಒಂದು ಕಿರಿದಾದ ಪಟ್ಟಿಯಲ್ಲಿ ಈ ಮಾತು ನಿಜವಾಗುತ್ತದೆ. ಬಟವಾಡೆ ಅಧಿಕಾರಿಗಳು ಅದನ್ನು ಅರಿತಿರಬೇಕು.

ಹೊಸ ಪದ್ಧತಿಯಲ್ಲಿ ತೆರಿಗೆಗೊಳಪಡುವ ಆದಾಯ 12 ಲಕ್ಷ ರೂ. ಮೀರದಿದ್ದರೆ ಕಲಂ 87ಎ ಅಡಿಯಲ್ಲಿ 60,000 ರೂ. ವರೆಗಿನ ತೆರಿಗೆ ಪೂರ್ಣವಾಗಿ ರಿಯಾಯಿತಿಯಾಗುತ್ತದೆ. ಪ್ರಮಾಣಿತ ಕಡಿತವನ್ನೂ ಸೇರಿಸಿಕೊಂಡರೆ 12,75,000 ರೂ. ಒಟ್ಟು ವೇತನದವರೆಗೆ ತೆರಿಗೆ ಶೂನ್ಯ. ಒಂದು ರೂಪಾಯಿ ಮೀರಿದ ಕೂಡಲೇ 60,000 ರೂ. ತೆರಿಗೆ ಬೀಳಬಾರದೆಂದು ಮಾರ್ಜಿನಲ್ ರಿಲೀಫ್ ಎಂಬ ಪರಿಹಾರವನ್ನು ಇಡಲಾಗಿದೆ: 12 ಲಕ್ಷವನ್ನು ಮೀರಿದ ಆದಾಯಕ್ಕಿಂತ ತೆರಿಗೆ ಹೆಚ್ಚಾಗಕೂಡದು. ಆದರೆ ಸೆಸ್ ಈ ಪರಿಹಾರದ ನಂತರ ಸೇರುತ್ತದೆ.

ಒಬ್ಬ ನೌಕರರ ವಾರ್ಷಿಕ ವೇತನ 12,70,000 ರೂ. ಎನ್ನೋಣ. ಬಟವಾಡೆ ಅಧಿಕಾರಿಯ ಲೆಕ್ಕದಲ್ಲಿ ತೆರಿಗೆ ಶೂನ್ಯ. ಅವರಿಗೆ ನಿಶ್ಚಿತ ಠೇವಣಿಯಿಂದ 25,000 ರೂ. ಬಡ್ಡಿ ಬಂದಿದೆ, 50,000 ರೂ. ಮೀರದ ಬಡ್ಡಿಗೆ ಬ್ಯಾಂಕು ಮೂಲದಲ್ಲಿ ತೆರಿಗೆ ಕಡಿತ ಮಾಡುವುದಿಲ್ಲ. ಒಟ್ಟು ಆದಾಯ 12,95,000 ರೂ., ತೆರಿಗೆಗೊಳಪಡುವುದು 12,20,000 ರೂ. ಹಂತದ ದರದಂತೆ ತೆರಿಗೆ 63,000 ರೂ.; ಮೀರಿದ ಆದಾಯ 20,000 ರೂ. ಮಾತ್ರವಾದ್ದರಿಂದ ತೆರಿಗೆಯೂ 20,000 ರೂ.ಗೆ ಇಳಿಯುತ್ತದೆ. ಸೆಸ್ 800 ರೂ. ಸೇರಿ 20,800 ರೂ. ಮಿತಿಯನ್ನು ಮೀರಿದ ಅಷ್ಟೂ ಹಣ ಹೋಗಿ, ಮೇಲೆ 800 ರೂ. ಕೈಯಿಂದ ಹೋಗುತ್ತದೆ. ಬಡ್ಡಿಯ ವಿಷಯವನ್ನು ಕಚೇರಿಗೆ ಮೊದಲೇ ತಿಳಿಸಿದ್ದರೆ ಇದು ತಿಂಗಳ ಸಣ್ಣ ಕಡಿತಗಳಲ್ಲಿ ಮುಗಿಯುತ್ತಿತ್ತು. ತಿಳಿಸದಿದ್ದರೆ ವಿವರಣೆ ಪತ್ರ ಸಲ್ಲಿಸುವಾಗ ಬಡ್ಡಿ ಸಹಿತ ಕಟ್ಟಬೇಕಾಗುತ್ತದೆ.

ತೆರಿಗೆಗೊಳಪಡುವ ಆದಾಯ ಸುಮಾರು 12,70,600 ರೂ. ತಲುಪಿದಾಗ ಈ ಪಟ್ಟಿ ಮುಗಿಯುತ್ತದೆ. ಒಟ್ಟು ವೇತನ ಸುಮಾರು 13,49,000 ರೂ. ಆದಾಗ, ತೆರಿಗೆಯ ನಂತರ ಉಳಿಯುವ ಹಣ ಮತ್ತೆ 12,75,000 ರೂ.ಗಳ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಹೆಚ್ಚಿದ ಪ್ರತಿ 100 ರೂ.ಗೆ 84 ರೂ. 40 ಪೈಸೆ ಉಳಿಯುತ್ತದೆ. ಈ ಪಟ್ಟಿಯಲ್ಲಿರುವವರು ಬಡ್ತಿಯನ್ನು ಬೇಡವೆನ್ನುವುದು ವಿವೇಕವಲ್ಲ. ಒಂದು ವರ್ಷದ ತೆರಿಗೆಯ ಇಕ್ಕಟ್ಟು ಮುಂದಿನ ವರ್ಷಗಳಲ್ಲಿ ತೀರುತ್ತದೆ. ಹೆಚ್ಚಿದ ಮೂಲ ವೇತನ ಮಾತ್ರ ಸೇವೆಯುದ್ದಕ್ಕೂ ಉಳಿಯುತ್ತದೆ.

7. ಹಿಂದಿನ ವರ್ಷಗಳ ಬಾಕಿ ವೇತನ

ಕಾಲಮಿತಿ ಬಡ್ತಿ ಅಥವಾ ಜ್ಯೇಷ್ಠತೆಯ ಪರಿಷ್ಕರಣೆಯಿಂದ ಹಿಂದಿನ ವರ್ಷಗಳ ಬಾಕಿ ಒಮ್ಮೆಗೇ ಬಂದಾಗ, ಆ ಮೊತ್ತ ಬಂದ ವರ್ಷದ ಆದಾಯಕ್ಕೇ ಸೇರುತ್ತದೆ. ಇದರಿಂದ ತೆರಿಗೆ ಹೆಚ್ಚಾಗಿದ್ದರೆ ಕಲಂ 89ರ ಅಡಿಯಲ್ಲಿ ಪರಿಹಾರ ಪಡೆಯಬಹುದು. ಬಾಕಿಯಿಂದ ಈ ವರ್ಷ ಹೆಚ್ಚಾದ ತೆರಿಗೆಯನ್ನೂ, ಅದೇ ಮೊತ್ತ ಆಯಾ ವರ್ಷದಲ್ಲೇ ಬಂದಿದ್ದರೆ ಹೆಚ್ಚಾಗುತ್ತಿದ್ದ ತೆರಿಗೆಯನ್ನೂ ಹೋಲಿಸಬೇಕು. ಈ ವರ್ಷದ್ದು ಹೆಚ್ಚಾಗಿದ್ದರೆ ಆ ವ್ಯತ್ಯಾಸವೇ ಪರಿಹಾರ. ಇದಕ್ಕೆ ಫಾರಂ 10ಇ ಅನ್ನು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ವಿವರಣೆ ಪತ್ರಕ್ಕಿಂತ ಮೊದಲೇ ಸಲ್ಲಿಸಬೇಕು. ಸಲ್ಲಿಸದಿದ್ದರೆ ಪರಿಹಾರ ತಿರಸ್ಕೃತವಾಗುತ್ತದೆ. 2025-26ರಲ್ಲಿ ದರಗಳು ಇಳಿದಿರುವುದರಿಂದ ಪ್ರತಿ ಬಾಕಿಗೂ ಪರಿಹಾರ ದೊರೆಯದು. ಮಾದರಿ ಅಧಿಕಾರಿಯ ಮಟ್ಟದ ವೇತನಕ್ಕೆ 2023-24ರಲ್ಲಿ ಕೊನೆಯ ರೂಪಾಯಿಯ ದರ ಶೇ. 31.2 ಇದ್ದು, ಈಗ ಶೇ. 26 ಇದೆ. ಆ ವರ್ಷದ ಬಾಕಿ ಈಗ ಬಂದರೆ ತೆರಿಗೆ ಕಡಿಮೆಯೇ ಆಗುತ್ತದೆ.

8. ಖಾಸಗಿ ಸಂಸ್ಥೆಗಳ ವಾರ್ಷಿಕ ಪ್ಯಾಕೇಜ್

ಪಂಚಾಯತಿ ಸಿಬ್ಬಂದಿಯ ಮಕ್ಕಳು ಬೆಂಗಳೂರಿನ ಖಾಸಗಿ ಸಂಸ್ಥೆಗಳಲ್ಲಿ ಉದ್ಯೋಗ ಪಡೆದಾಗ, ‘ವರ್ಷಕ್ಕೆ 40 ಲಕ್ಷ’ ಎಂಬ ಅಂಕಿಯನ್ನು ನಂಬಿ ಕುಟುಂಬಗಳು ಮನೆ ಅಥವಾ ನಿವೇಶನದ ಸಾಲಕ್ಕೆ ಮುಂದಾಗುವುದುಂಟು. ಈ ಅಂಕಿಯು ಉದ್ಯೋಗದಾತರ ಒಟ್ಟು ವೆಚ್ಚವೇ ಹೊರತು ನೌಕರರ ವೇತನವಲ್ಲ. ಒಂದು ಸಾಧಾರಣ ರಚನೆಯನ್ನು ತೆಗೆದುಕೊಂಡರೆ: 40,00,000 ರೂ.ಗಳಲ್ಲಿ ಕಾರ್ಯಸಾಧನೆ ಆಧಾರಿತ ಮೊತ್ತ 4,00,000 ರೂ., ಉದ್ಯೋಗದಾತರ ಭವಿಷ್ಯ ನಿಧಿ ಪಾಲು 1,92,000 ರೂ., ಉಪದಾನಕ್ಕಾಗಿ ತೆಗೆದಿಡುವ ಮೊತ್ತ 77,000 ರೂ. ಇವನ್ನು ಕಳೆದರೆ ನಿಶ್ಚಿತ ವೇತನ 33,31,000 ರೂ., ತಿಂಗಳಿಗೆ 2,77,583 ರೂ.

ಪ್ರಮಾಣಿತ ಕಡಿತದ ನಂತರ 32,56,000 ರೂ. ಮೇಲಿನ ತೆರಿಗೆ ಸೆಸ್ ಸೇರಿ 5,79,072 ರೂ., ತಿಂಗಳಿಗೆ 48,256 ರೂ. ನೌಕರರ ಭವಿಷ್ಯ ನಿಧಿ ಪಾಲು 16,000 ರೂ. ಮತ್ತು ವೃತ್ತಿ ತೆರಿಗೆ 200 ರೂ. ಕಳೆದು ಕೈಗೆ ಬರುವುದು 2,13,127 ರೂ. 40 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದಾಗ ಬರುವ 3,33,333 ರೂ.ಗಳ ಸುಮಾರು ಶೇ. 64 ಮಾತ್ರ ಇದು. ಕಾರ್ಯಸಾಧನೆಯ 4 ಲಕ್ಷ ಪೂರ್ಣವಾಗಿ ಬಂದರೂ ಶೇ. 31.2ರ ತೆರಿಗೆ ಹೋಗಿ 2,75,200 ರೂ. ಉಳಿಯುತ್ತದೆ. ಅದು ಬಾರದೆಯೂ ಇರಬಹುದಾದ್ದರಿಂದ ಸಾಲದ ಕಂತನ್ನು ನಿಶ್ಚಿತ ವೇತನದ ನಿವ್ವಳದ ಮೇಲೆ ಮಾತ್ರ ನಿರ್ಧರಿಸುವುದು ಕ್ಷೇಮ.

ಇದಕ್ಕೂ ಹೆಚ್ಚಿನ ವೇತನದವರಿಗೆ ಮತ್ತೊಂದು ಮಿತಿ ಇದೆ. ತೆರಿಗೆಗೊಳಪಡುವ ಆದಾಯ 50 ಲಕ್ಷ ರೂ. ಮೀರಿದರೆ ತೆರಿಗೆಯ ಮೇಲೆ ಶೇ. 10ರಷ್ಟು ಸರ್‌ಚಾರ್ಜ್ ಬೀಳುತ್ತದೆ. 50 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 11,23,200 ರೂ.; 51 ಲಕ್ಷಕ್ಕೆ ಮಾರ್ಜಿನಲ್ ರಿಲೀಫ್ ನಂತರ 12,27,200 ರೂ. ಹೆಚ್ಚಿದ ಒಂದು ಲಕ್ಷಕ್ಕೆ 1,04,000 ರೂ. ತೆರಿಗೆ. 12 ಲಕ್ಷದ ಮಿತಿಯಲ್ಲಿ ಕಂಡ ಸ್ಥಿತಿಯೇ ಇಲ್ಲಿಯೂ ಇದೆ.

9. ಬಟವಾಡೆ ಅಧಿಕಾರಿಗಳು ಗಮನಿಸಬೇಕಾದ ಅಂಶಗಳು

- ಏಪ್ರಿಲ್‌ನಲ್ಲಿಯೇ ಪ್ರತಿ ನೌಕರರಿಂದ ತೆರಿಗೆ ಪದ್ಧತಿಯ ಆಯ್ಕೆ ಹಾಗೂ ಬಡ್ಡಿ, ಬಾಡಿಗೆ ಮುಂತಾದ ಇತರ ಆದಾಯದ ವಿವರವನ್ನು ಲಿಖಿತವಾಗಿ ಪಡೆಯುವುದು.
- ವಾರ್ಷಿಕ ತೆರಿಗೆಯನ್ನು ಅಂದಾಜಿಸಿ, ಹನ್ನೆರಡು ಸಮ ಕಂತುಗಳಲ್ಲಿ ಕಡಿತ ಮಾಡುವುದು. ಲೆಕ್ಕದ ಪ್ರತಿಯನ್ನು ನೌಕರರಿಗೆ ನೀಡುವುದು.
- ತುಟ್ಟಿಭತ್ಯೆ ಹೆಚ್ಚಳ, ವೇತನ ಬಡ್ತಿ, ಬಾಕಿ ಪಾವತಿ ಇವುಗಳಲ್ಲಿ ಯಾವುದಾದರೂ ಆದ ತಿಂಗಳಿನಲ್ಲಿಯೇ ಲೆಕ್ಕವನ್ನು ಪರಿಷ್ಕರಿಸುವುದು. ಡಿಸೆಂಬರ್‌ನಲ್ಲಿ ಎಲ್ಲರ ಲೆಕ್ಕವನ್ನೂ ಮತ್ತೊಮ್ಮೆ ನೋಡುವುದು.
- ವರ್ಗಾವಣೆಯಾಗಿ ಬಂದವರಿಂದ ಹಿಂದಿನ ಕಚೇರಿಯ ವೇತನ ಮತ್ತು ಕಡಿತದ ವಿವರ ಪಡೆಯುವುದು. ಇದನ್ನು ಪಡೆಯದಿದ್ದರೆ ಎರಡೂ ಕಚೇರಿಗಳಲ್ಲಿ ಕೆಳಗಿನ ಹಂತದ ದರ ಅನ್ವಯವಾಗಿ ತೆರಿಗೆ ಕೊರತೆ ಬೀಳುತ್ತದೆ.
- ತ್ರೈಮಾಸಿಕ ಫಾರಂ 24ಕ್ಯೂ ಅನ್ನು ಸಕಾಲದಲ್ಲಿ ಸಲ್ಲಿಸುವುದು. ತಡವಾದರೆ ಕಲಂ 234ಇ ಪ್ರಕಾರ ದಿನಕ್ಕೆ 200 ರೂ. ಶುಲ್ಕವಿದೆ. ಸಲ್ಲಿಸದಿದ್ದರೆ, ಅಥವಾ ಪ್ಯಾನ್ ಸಂಖ್ಯೆ ತಪ್ಪಾಗಿದ್ದರೆ, ವೇತನದಿಂದ ಕಡಿತವಾದ ತೆರಿಗೆ ನೌಕರರ ಫಾರಂ 26ಎಎಸ್‌ನಲ್ಲಿ ಕಾಣುವುದಿಲ್ಲ. ಒಮ್ಮೆ ಕಟ್ಟಿದ ತೆರಿಗೆಗೆ ಮತ್ತೆ ಬೇಡಿಕೆ ಪತ್ರ ಬರುತ್ತದೆ.
- ಫಾರಂ 16 ಅನ್ನು ಜೂನ್ 15ರೊಳಗೆ ವಿತರಿಸುವುದು.

10. ಅಭ್ಯಾಸ

ಪ್ರಶ್ನೆ 1: ಹಳೆಯ ಪಿಂಚಣಿ ವ್ಯಾಪ್ತಿಯ ಅಧಿಕಾರಿಯ ಒಟ್ಟು ವೇತನ ತಿಂಗಳಿಗೆ 1,50,000 ರೂ. ಹೊಸ ಪದ್ಧತಿಯಲ್ಲಿ ಮಾಸಿಕ ತೆರಿಗೆ ಎಷ್ಟು?

ಪ್ರಶ್ನೆ 2: ಮಾದರಿ ಅಧಿಕಾರಿಯ ಮೂಲ ವೇತನ 3,500 ರೂ. ಹೆಚ್ಚಿತು. ಭತ್ಯೆಗಳ ಹೆಚ್ಚಳವನ್ನು ಬಿಟ್ಟರೆ, ಕೈಗೆ ಎಷ್ಟು ಹೆಚ್ಚು ಬರುತ್ತದೆ?

ಪ್ರಶ್ನೆ 3: ಒಟ್ಟು ವಾರ್ಷಿಕ ವೇತನ 13,05,000 ರೂ. ಇತರ ಆದಾಯವಿಲ್ಲ. ತೆರಿಗೆ ಎಷ್ಟು?

ಉತ್ತರಗಳು:

1. ತೆರಿಗೆಗೊಳಪಡುವ ಆದಾಯ 17,25,000 ರೂ.; ತೆರಿಗೆ 1,20,000 + 25,000 = 1,45,000 ರೂ.; ಸೆಸ್ 5,800 ರೂ.; ವರ್ಷಕ್ಕೆ 1,50,800 ರೂ., ತಿಂಗಳಿಗೆ ಸುಮಾರು 12,567 ರೂ.

2. ಎನ್‌ಪಿಎಸ್ 350 ರೂ., ತೆರಿಗೆ 910 ರೂ.; ಉಳಿಯುವುದು 2,240 ರೂ.

3. ತೆರಿಗೆಗೊಳಪಡುವ ಆದಾಯ 12,30,000 ರೂ.; ಹಂತದ ದರದಲ್ಲಿ 64,500 ರೂ.; ಮಿತಿ ಮೀರಿದ ಆದಾಯ 30,000 ರೂ. ಆದ್ದರಿಂದ ತೆರಿಗೆ 30,000 ರೂ., ಸೆಸ್ 1,200 ರೂ.; ಒಟ್ಟು 31,200 ರೂ.

ಪ್ರತಿ ಕಚೇರಿಯ ಲೆಕ್ಕ ಶಾಖೆಯು ತನ್ನ ಸಿಬ್ಬಂದಿಯಲ್ಲಿ ಅತಿ ಹೆಚ್ಚು ವೇತನ ಪಡೆಯುವವರು ಹಾಗೂ 12,75,000 ರೂ. ಮಿತಿಯ ಆಸುಪಾಸಿನಲ್ಲಿರುವವರ ಲೆಕ್ಕವನ್ನು ಮೊದಲು ಪರಿಶೀಲಿಸಿ, ಆರ್ಥಿಕ ವರ್ಷದಲ್ಲಿ ಉಳಿದಿರುವ ತಿಂಗಳುಗಳಿಗೆ ಕಡಿತವನ್ನು ಸಮನಾಗಿ ಹಂಚಿದಲ್ಲಿ, ವರ್ಷಾಂತ್ಯದ ಎರಡು ತಿಂಗಳ ಇಕ್ಕಟ್ಟು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.